ನಮ್ಮದೋ ಅವರದೋ ಆ ತೊಟ್ಟಿಲು

ಬೆಳಿಗ್ಗೆಯಿಂದ ಎದುರುಮನೆಯವರು ಬಾಗಿಲಿಗೆ ವಾರ್ನಿಶ್ ಹೊಡೆಸುತ್ತಿದ್ದಾರೆ. ಜರಗನಹಳ್ಳಿಯ ನಮ್ಮ ಓಣಿ ಎಷ್ಟು ಕಿರಿದು ಅಂದರೆ, ಅವರ ಬಾಗಿಲಿನ ವಾಸನೆ ನಮ್ಮ ಸಾರಿಗೂ ಸೇರಿಕೊಳ್ಳುತ್ತದೆ. ನನಗೆ ಮಾತ್ರ ಅದರಿಂದ ಕರಾವಳಿ ನೆನಪಾಗುತ್ತದೆ. ಸಮುದ್ರವಲ್ಲ, ಮ್ಯೂಸಿಯಂ.

ಹೋದ ತಿಂಗಳು ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮಂಗಳೂರಿನಿಂದ ಕುಂದಾಪುರದ ಕಡೆ ಹೋಗಿದ್ದೆ. ಅಕ್ಕ ರಿಟೈರಾದ ಟೀಚರ್. ಬೀಚ್ ಕಂಡರೆ ‘ಬಿಸಿಲು’ ಅನ್ನುತ್ತಾಳೆ, ಹಳೇ ಸಾಮಾನಿನ ಮ್ಯೂಸಿಯಂ ಕಂಡರೆ ‘ನಿಲ್ಸೋ’ ಅನ್ನುತ್ತಾಳೆ. ಒಳಗೆ ಪ್ರತಿ ಬೋರ್ಡನ್ನೂ ಗಟ್ಟಿಯಾಗಿ ಓದುತ್ತಾಳೆ. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ನಾನು ಕೈಕಟ್ಟಿಕೊಂಡು ಹಿಂದೆ ನಡೆಯುತ್ತೇನೆ. ಅಡಕತ್ತರಿ, ಮರದ ಬೋಗುಣಿಯಂಥ ಮರಿಗೆ, ಹಿತ್ತಾಳೆ ದೀಪ. ಮುಂದಿನ ಊರಲ್ಲಿ ಮತ್ತೆ ಅಡಕತ್ತರಿ. ಯಾವುದು ಯಾವ ಊರಿನದು ಅಂತ ಕಲಸಿಹೋಗಿತ್ತು.

ಉಡುಪಿ ದಾಟಿದ ಮೇಲೆ ಒಂದು ಹೆಂಚಿನ ಮನೆ. ಒಳಗೆ, ಹೊಸ ವಾರ್ನಿಶ್ ಹೊಡೆದ ತೊಟ್ಟಿಲು. ಬಗ್ಗಿ ನೋಡಿದೆ. ತಳಕ್ಕೆ ತಗಡಿನ ತೇಪೆ, ಅದಕ್ಕೊಂದು ಸೊಟ್ಟ ಮೊಳೆ. ಅಪ್ಪ ಹೊಡೆದ ಮೊಳೆಗಳೆಲ್ಲ ಸೊಟ್ಟಗೇ ಹೋಗುತ್ತಿದ್ದವು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾವಿಬ್ಬರೂ ಮಲಗಿದ, ಅಪ್ಪ ತಗಡಿನ ತೇಪೆ ಹಾಕಿದ್ದ ತೊಟ್ಟಿಲೊಂದು ಇತ್ತು. ಬಾಡಿಗೆ ಮನೆ ಕಟ್ಟಲು ಹಳೇ ಮನೆ ಕೆಡವಿದಾಗ, ಬಾಗಿಲು ಕಿಟಕಿಗಳ ಜೊತೆ ಅದನ್ನೂ ಹಳೇ ಸಾಮಾನಿನವನ ಟೆಂಪೋಗೆ ಹಾಕಿಬಿಟ್ಟೆ. ಅಕ್ಕನಿಗೆ ‘ಹೊಸ ಮನೆಯ ಅಟ್ಟದ ಮೇಲಿದೆ’ ಅಂದೆ; ಇಳಿಸು ಅಂದಾಗಲೆಲ್ಲ ಏನಾದರೊಂದು ನೆಪ ಹೇಳಿದೆ. ಈಗ ಅವಳ ಮಗಳು ಬಸುರಿ. ನಮ್ಮ ಮನೆಯ ಪದ್ಧತಿಯಂತೆ ತೊಟ್ಟಿಲು ತರಬೇಕಾದವನು ಬಾಣಂತಿಯ ಸೋದರಮಾವ, ಅಂದರೆ ನಾನು.

“ನೋಡೋ, ನಮ್ಮದರ ಥರಾನೇ ಇದೆ,” ಅಂದಳು ಅಕ್ಕ.

“ನಮ್ದೇ ಅಕ್ಕ. ನಾನು ಮಾರ್ಬಿಟ್ಟಿದ್ದೆ.”

ಅವಳು ನಕ್ಕಳು. “ಬೋರ್ಡ್ ಓದೋಕೂ ಸೋಮಾರಿತನಾನಾ? ಇಲ್ಲಿನ ಗುತ್ತಿನ ಮನೇದಂತೆ. ದೊಡ್ಡ ಜಮೀನ್ದಾರ್ರು. ನಮ್ಮಪ್ಪ ರಾಗಿ ಬೆಳೀತಿದ್ದೋರು ಕಣೋ!”

“ಈ ಮೊಳೆ ನೋಡಕ್ಕ...” ಕೈಹಾಕಿದೆ.

“ಮುಟ್ಟಬೇಡಿ ಮಾರಾಯ್ರೆ,” ಅಂದರು ಮ್ಯೂಸಿಯಂನವರು.

ಅಲ್ಲಿಂದ ನನ್ನ ತಲೆ ಕೆಟ್ಟಿದೆ. ಸುಳ್ಳು ಹೇಳಿದಾಗ ನಂಬಿದವಳು ನಿಜ ಹೇಳಿದರೆ ನಗುತ್ತಾಳೆ. ಬೋರ್ಡು ಸುಳ್ಳೋ, ನನ್ನ ಕಣ್ಣು ಸುಳ್ಳೋ? ಸೊಟ್ಟ ಮೊಳೆ ಹೊಡೆಯುವವರು ಘಟ್ಟದ ಕೆಳಗೂ ಇರಬಹುದಲ್ಲ. ಒಪ್ಪಿಕೊಂಡ ಮೇಲೂ ನಾನು ತಪ್ಪಿತಸ್ಥನೇನಾ, ನೀವೇ ಹೇಳಿ.

ಇವತ್ತು ಮಧ್ಯಾಹ್ನ ಅಕ್ಕ ಕೋಣನಕುಂಟೆಯಿಂದ ಆಟೋದಲ್ಲಿ ಬಂದಿಳಿದಳು. ಕೈಯಲ್ಲಿ ಒರೆಸುವ ಬಟ್ಟೆ, ಕೊಬ್ಬರಿ ಎಣ್ಣೆ.

“ದಿನ ಹತ್ರ ಬಂತು. ತೊಟ್ಟಿಲು ಇಳಿಸು.”

“ಅಲ್ಲಿಲ್ಲ ಅಕ್ಕ. ಅವತ್ತೇ ಹೇಳಿದ್ನಲ್ಲ.”

“ನಿನ್ನ ತಮಾಷೆ ಸಾಕು. ಏಣಿ ತಾ, ನಾನೇ ಹತ್ತುತೀನಿ.”

ಈ ಸಲ ನೆಪ ಹೇಳಲಿಲ್ಲ. ಏಣಿ ತಂದು ಗೋಡೆಗೆ ಆನಿಸಿದೆ. ಅಕ್ಕನ ಮಂಡಿ ಮೊದಲಿನ ಹಾಗಿಲ್ಲ. ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತೆ.