ಬಜರ್ ಪಕ್ಕದ ಕೆಂಪು ದೀಪ

‘ಇದರ ಸಪ್ಪಳ ಕೇಳಸ್ತೈತೇನ್ರಿ?’ ಎಂದು ಬಜರ್ ಕಡೆ ಬೆರಳು ತೋರಿಸಿ ಕೇಳಿದೆ. ‘ಹೂಂ ರೀ, ಈಗ ಚಲೋ ಕೇಳಸಾಕತ್ತೈತಿ’ ಎಂದರು ಬಸಪ್ಪ. ಬಿಚ್ಚಿದ ಬಜರಿನ ವೈರ್ ಇನ್ನೂ ನನ್ನ ಕೈಯಲ್ಲೇ ಇತ್ತು; ಬಜರ್ ಕೂಗಿರಲೇ ಇಲ್ಲ.

ದಾಂಡೇಲಿ ಹತ್ತಿರದ ರೆಸಾರ್ಟೊಂದರಲ್ಲಿ, ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಚಾಲಕರು ಅವರು. ಎಂಜಿನ್ ಕಾದರೆ ಬಜರ್ ಕೂಗಬೇಕು, ಚಾಲಕ ನಿಲ್ಲಿಸಬೇಕು. ಆದರೂ ಮತ್ತೆ ಮತ್ತೆ ಹೊಗೆ ಬರುತ್ತಿದೆ ಎಂದು ಹಳಿಯಾಳದಿಂದ ಮೆಕ್ಯಾನಿಕ್ ಆದ ನನ್ನನ್ನು ಕರೆಸಿದ್ದರು. ಬಸಪ್ಪನವರದೇ ತಪ್ಪಿದ್ದರೆ ಬೇರೆಯವರನ್ನು ನೋಡುವುದಾಗಿ ಮ್ಯಾನೇಜರ್ ಮೊದಲೇ ಹೇಳಿದ್ದರು.

ಎಂಜಿನ್ ಕಾಯುತ್ತಿದ್ದುದಕ್ಕೆ ಕಾರಣ ಫ್ಯಾನಿನ ಜಾಲರಿಗೆ ಮೆತ್ತಿದ್ದ ಹುಲ್ಲು. ಅದನ್ನು ತೆಗೆದೆ. ಬಸಪ್ಪ ಬೆನ್ನು ತಿರುಗಿಸಿ ಸೀಟು ಒರೆಸುತ್ತಿದ್ದಾಗ ಬಜರ್ ಪರೀಕ್ಷಿಸಲು ಆ ವೈರನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿದೆ. ಬಜರ್ ಜೋರಾಗಿ ಕೂಗಿತು. ಗೇಟಿನಲ್ಲಿದ್ದ ವಾಚ್‌ಮನ್ ತಿರುಗಿ ನೋಡಿದ. ಬಸಪ್ಪ ಸೀಟು ಒರೆಸುತ್ತಲೇ ಇದ್ದರು.

ಭುಜ ಮುಟ್ಟಿದೆ. ನನ್ನ ಮುಖ ನೋಡಿದರು, ಕೈಯಲ್ಲಿದ್ದ ವೈರ್ ನೋಡಿದರು. ‘ಸಾಹೇಬ್ರ ಮುಂದ ಹೇಳಬ್ಯಾಡ್ರಿ’ ಎಂದರು.

ಬಜರ್ ಪಕ್ಕ, ಎಂಜಿನ್ ಕಾದರೆ ಹೊತ್ತಿಕೊಳ್ಳುವ ಕೆಂಪು ದೀಪವೊಂದನ್ನು ಸ್ಟಿಯರಿಂಗ್ ಎದುರಿಗೇ ಕೂರಿಸಿದೆ. ಎಂಜಿನ್ ಸದ್ದಿನಲ್ಲಿ ಆ ಬಜರ್ ಯಾರಿಗೂ ಕೇಳಿಸುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಈಗಲೂ ಆ ದಾರಿಯಲ್ಲಿ ಹೋಗುವಾಗ ಬಸಪ್ಪ ಹುಲ್ಲಿನ ಮೇಲೆ ಕಂಡರೆ ನಾನು ಬೈಕಿನ ಹಾರ್ನ್ ಹೊಡೆಯುವುದಿಲ್ಲ. ಯಂತ್ರ ಈ ಕಡೆ ತಿರುಗುವವರೆಗೆ ಬೇಲಿಯ ಹತ್ತಿರ ನಿಂತು, ಕೈ ಎತ್ತಿ, ಆಮೇಲೆ ಹೋಗುತ್ತೇನೆ.