ಫಾಲ್ ಹಚ್ಚಿದ ಸೀರೆ

ಇದನ್ನು ಬರೆಯಬೇಕೆಂದು ಕೂತು, ಪ್ರತಿ ವಾರವೂ ಪೇಪರಿಗೆ ಬೇರೇನೋ ಬರೆದು ಕಳಿಸಿದ್ದೇನೆ. ಸೊಳ್ಳೆಗಳ ಬಗ್ಗೆ ಬರೆದೆ. ಸಿಟಿ ಬಸ್ಸಿನ ಬಗ್ಗೆ ಬರೆದೆ. ಕುಂದಾಕ್ಕೆ ಸಕ್ಕರೆ ಜಾಸ್ತಿಯಾದ ಬಗ್ಗೆಯೂ ಬರೆದೆ (ಪಾಪ, ನೀವು ಅದನ್ನೂ ಓದಿದಿರಿ). ಇವತ್ತು ತಪ್ಪಿಸಿಕೊಳ್ಳುವುದಿಲ್ಲ.

ಶುರುವಾಗಿದ್ದು ಖುಷಿಯಿಂದಲೇ. ಬೆಳಗಾವಿಯ ಶಿವಬಸವ ನಗರದಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಅಂಗಡಿ ತೆರೆದಿದೆ. ಹಳೇ ಸಾಮಾನಿನ ಅಂಗಡಿ. ಆದರೆ ಗುಜರಿ ಅಲ್ಲ! ಮನೆಯಲ್ಲಿ ಸುಮ್ಮನೆ ಬಿದ್ದಿರುವ ಕುಕ್ಕರ್, ಫ್ಯಾನು, ಕುರ್ಚಿ, ಸೀರೆ, ಏನು ಬೇಕಾದರೂ ಅಲ್ಲಿ ಕೊಟ್ಟು ಬರಬಹುದು. ಅವರು ಒರೆಸಿ, ರಿಪೇರಿ ಮಾಡಿ, ಚೀಟಿ ಹಚ್ಚಿ, ಕಡಿಮೆ ಬೆಲೆಗೆ ಮಾರುತ್ತಾರೆ. ಬಂದದ್ದೆಲ್ಲ ಬಡ ರೋಗಿಗಳ ಔಷಧಿಗೆ.

ಮೊದಲು ಮಿಕ್ಸರ್ ಹೊತ್ತುಕೊಂಡು ಹೋದೆ. ಅಂಗಡಿ ನೋಡಿಕೊಳ್ಳುವವರು ಪದ್ಮಕ್ಕ, ರವಿವಾರ ಪೇಟೆಯ ಹಳೇ ಜೈನ ವ್ಯಾಪಾರಿ ಮನೆತನದ ಸೊಸೆ. ನಾನು ದಾನಶೂರನ ಮುಖ ಮಾಡಿಕೊಂಡು ನಿಂತಿದ್ದರೆ ಅವರು ಗೋಡೆ ತೋರಿಸಿದರು.

"ಅಲ್ಲೆ ಪ್ಲಗ್ ಐತಿ, ಹಚ್ರಿ."

"ಯಾಕ್ರೀ?"

"ತಿರಗತೈತೋ ಇಲ್ಲೋ ನೋಡೂಣು. ಮಂದಿ ದಾನ ಅಂತ ಹೇಳಿ ಕಸಾ ತಂದು ಒಗದು ಹೋಗ್ತಾರ."

ಹಚ್ಚಿದೆ. ತಿರುಗಿತು! ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಹಿಗ್ಗಿದೆ (ಮೆಟ್ರಿಕ್ ಪಾಸಾದಾಗಲೂ ಇಷ್ಟು ಹಿಗ್ಗಿರಲಿಲ್ಲ). ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಅಟ್ಟ ಹತ್ತಿದೆ, ಮಂಚದ ಕೆಳಗೆ ತೂರಿದೆ. ಇಸ್ತ್ರಿ ಪೆಟ್ಟಿಗೆ ಹೋಯಿತು, ಹಂಡೆ ಹೋಯಿತು, ಜೋಡಿ ಸ್ಟೂಲಿನಲ್ಲಿ ಒಂದು ಹೋಯಿತು. ಮನೆಯಾಕೆ ಬಾಗಿಲಿಗೆ ಅಡ್ಡ ನಿಂತಳು.

"ಇನ್ನ ನಾನೊಬ್ಬಾಕಿ ಉಳದೇನಿ. ನನಗೂ ಒಂದ ಚೀಟಿ ಹಚ್ಚಿ ಅಲ್ಲೇ ಕುಂದರಿಸಿ ಬರ್ರಿ!"

ಒಂದು ಶನಿವಾರ ನಾನು ಅಂಗಡಿಯಲ್ಲೇ ಇದ್ದೆ. ಒಬ್ಬ ಹೆಣ್ಣುಮಗಳು ನನ್ನ ಮಿಕ್ಸರ್ ಎತ್ತಿದಳು. ತಿರುಗಿಸಿ ಮುರುಗಿಸಿ ನೋಡಿದಳು. ನನ್ನನ್ನು ಅಂಗಡಿಯವನೆಂದೇ ತಿಳಿದು ಶುರು ಮಾಡಿದಳು.

"ಏನ್ ಕಾಕಾ, ಮುಚ್ಚಳ ಇಷ್ಟು ಸಡ್ಲ ಐತಿ. ಚಟ್ನಿ ಮಾಡಾಕ ಮಾರ್ತೀರೋ, ಗ್ವಾಡಿಗೆ ಬಣ್ಣಾ ಹೊಡಿಯಾಕ ಮಾರ್ತೀರೋ?"

"ಕೈಯಿಂದ ಒತ್ತಿ ಹಿಡಿಬೇಕವ್ವಾ."

"ಮತ್ತ ನಿಮ್ಮ ಕೈನೂ ಜೋಡಿ ಕೊಡ್ರಿ!"

ಪದ್ಮಕ್ಕ ನಕ್ಕೂ ನಕ್ಕೂ ಬೆಲೆ ಇಳಿಸಿದರು. ಆಕೆ ಮಿಕ್ಸರ್ ಬಗಲಿಗೇರಿಸಿ, ಗೆದ್ದವಳ ಹಾಗೆ ಹೊರಟಳು. ಬೈಸಿಕೊಂಡ ನನಗೆ ಎಂಥ ಆನಂದ ಅಂತೀರಿ! ಅದೇ ಮಿಕ್ಸರ್ ಪುಕ್ಕಟೆ ಕೊಟ್ಟಿದ್ದರೆ? ಮುಚ್ಚಳದ ಮಾತೇ ಎತ್ತುತ್ತಿರಲಿಲ್ಲ. ಕೈಮುಗಿದು ಹೋಗುತ್ತಿದ್ದಳು, ಮನೆಯಲ್ಲಿ ಚಟ್ನಿ ಒರೆಸಿಕೊಳ್ಳುತ್ತಿದ್ದಳು. ಕೊಂಡವರಿಗೆ ಬೈಯುವ ಹಕ್ಕಿದೆ. ಕೊಟ್ಟದ್ದನ್ನು ತೆಗೆದುಕೊಂಡವರಿಗೆ ಎಲ್ಲಿದೆ?

ಇದೇ ಹುರುಪಿನಲ್ಲಿ ಮುಂದಿನ ವಾರ ಕಪಾಟಿನಿಂದ ಒಂದು ಸೀರೆ ಒಯ್ದೆ. ನೀಟಾಗಿ ಮಡಚಿದ್ದು, ಕವರಿನಲ್ಲಿದ್ದದ್ದು.

"ಹೊಸಾದು ಬರೀರಿ ಪದ್ಮಕ್ಕಾ. ಮಡಿಕಿ ಸೈತ ಬಿಚ್ಚಿಲ್ಲ."

ಅವರು ಸೀರೆಯ ಕೆಳಗಿನ ಅಂಚನ್ನು ಮಗುಚಿದರು. ಒಳಗೆ ಉದ್ದಕ್ಕೂ ಹೊಲಿದ ಪಟ್ಟಿ.

"ಫಾಲ್ ಹಚ್ಚೇತಲ್ರೀ! ಹೊಸಾ ಸೀರಿಗೆ ಅಂಗಡ್ಯಾಗ ಫಾಲ್ ಎಲ್ಲಿ ಬರತೈತಿ? ಉಡೂ ಮೊದಲ ನಾವ ಹಚ್ಚಸ್ತೀವಿ. ಇದನ್ನ ಹೊಸಾದಂದ್ರ ಹೆಣ್ಮಕ್ಳು ನಗ್ತಾರ. ಗಂಡಸರಿಗೆ ಏನ್ ತಿಳೀತೈತಿ ಬಿಡ್ರಿ."

ನಾನು ಅಲ್ಲೇ ಕೂತುಬಿಟ್ಟೆ.

ನಮ್ಮ ಕಡೆ ಪಂಚಮಿಗೆ ಅಣ್ಣನಾದವನು ತಂಗಿಗೆ ಹೊಸ ಸೀರೆ ಕೊಡಬೇಕು. ನನ್ನ ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿದೆ. ಗಂಡನದು ಸಣ್ಣ ಹಿಟ್ಟಿನ ಗಿರಣಿ. ಅವಳ ಮದುವೆಯಾದ ಹೊಸತರಲ್ಲಿ ಒಂದು ಪಂಚಮಿಗೆ ನಾನು ಹೊಸ ಸೀರೆ ಕೊಳ್ಳಲಿಲ್ಲ. ಬಡತನವಿರಲಿಲ್ಲ. ಜಿಪುಣತನವಿತ್ತು. ಬಣ್ಣ ಹಿಡಿಸಲಿಲ್ಲವೆಂದು ನನ್ನ ಹೆಂಡತಿ ಒಮ್ಮೆ ಉಟ್ಟು ಬಿಟ್ಟ ಸೀರೆಯೊಂದಿತ್ತು. ಅದನ್ನೇ ಇಸ್ತ್ರಿ ಮಾಡಿಸಿದೆ. ಗುರುತಿನ ಅಂಗಡಿಯಿಂದ ಹೊಸ ಡಬ್ಬಿ ಇಸಿದುಕೊಂಡು ಅದರಲ್ಲಿಟ್ಟೆ. ಯಾರಿಗೆ ಗೊತ್ತಾಗುತ್ತದೆ?

ಖಾನಾಪುರದಲ್ಲಿ ಅವಳು ಎಲ್ಲರ ಮುಂದೆ ಡಬ್ಬಿ ತೆರೆದಳು. ಅವಳ ಅತ್ತೆ ಕುತ್ತಿಗೆ ಚಾಚಿ ನೋಡುತ್ತಿದ್ದರು. ತಂಗಿ ಅಂಚು ಮಗುಚಿದಳು. ಒಂದು ಕ್ಷಣ ಕೈ ನಿಂತಿತು. ಆಮೇಲೆ ಅತ್ತೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅಂದಳು:

"ನೋಡ್ರಿ ಅತ್ತಿ, ನಮ್ಮಣ್ಣ ಫಾಲ್ ಸೈತ ಹಚ್ಚಿಸಿಕೊಂಡು ಬಂದಾನ! ಇಂಥಾ ಅಣ್ಣ ಯಾರಿಗೆ ಅದಾನ?"

ನಾನು ಆ ಹೊಗಳಿಕೆಯನ್ನು ನಂಬಿದೆ! ಬಸ್ಸಿನಲ್ಲಿ ಮೀಸೆ ತಿರುವುತ್ತ ಬೆಳಗಾವಿಗೆ ಬಂದೆ. ಇಷ್ಟು ವರ್ಷ ನಂಬಿಕೊಂಡೇ ಇದ್ದೆ. ಅತ್ತೆಯ ಎದುರು ತವರಿನ ಮಾನ ಉಳಿಸಲು ಅವಳು ಉಗುಳು ನುಂಗಿ ಆಡಿದ ಮಾತು ಅದೆಂದು ಮುದುಕನಾದ ಮೇಲೆ, ಹಳೇ ಸಾಮಾನಿನ ಅಂಗಡಿಯಲ್ಲಿ ತಿಳಿಯಬೇಕೆ?

ಪದ್ಮಕ್ಕನಿಗೆ ಎಲ್ಲ ಹೇಳಿದೆ. ಅವರು ಚೀಟಿ ಬರೆಯುವುದು ನಿಲ್ಲಿಸಿ ನನ್ನನ್ನೇ ನೋಡಿದರು.

"ಮತ್ತ ನನ್ನ ಮುಂದ ಯಾಕ ಹೇಳ್ತೀರಿ? ಏಳ್ರಿ, ಖಾನಾಪುರ ಬಸ್ ಹಿಡೀರಿ."

ಎದ್ದೆ! ಪೇಟೆಗೆ ಹೋಗಿ ಖರೇ ಹೊಸ ಸೀರೆ ಕೊಂಡೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬಸ್ ಹತ್ತಿದೆ. ತಂಗಿ ಡಬ್ಬಿ ತೆರೆದಳು. ಅಂಚು ಮಗುಚಿದಳು. ನನ್ನ ಮುಖ ನೋಡಿದಳು.

"ಯಾಕೋ ಅಣ್ಣಾ, ಈ ಸಲ ಫಾಲ್ ಹಚ್ಚಸ್ಲಿಲ್ಲಾ?"

ಹೇಳಿ ನಕ್ಕಳು ನೋಡಿ! ಗಿರಣಿಯ ಸದ್ದನ್ನೂ ಮೀರಿಸುವ ನಗು. ನಾನೂ ನಕ್ಕೆ. ತಪ್ಪಾಯಿತು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದು, ಮಳೆಯ ಮಾತಾಡಿ, ಬೆಳಗಾವಿಗೆ ಬಂದುಬಿಟ್ಟೆ. ಎಂಥ ಗಂಡಸು!

ಮಿಕ್ಸರ್ ಕೊಂಡ ಆ ಹೆಣ್ಣುಮಗಳು ಒಂದು ಸಡಿಲ ಮುಚ್ಚಳಕ್ಕೆ ನನ್ನನ್ನು ಓಣಿ ಕೇಳುವಂತೆ ಬೈದಳು. ನನ್ನ ತಂಗಿ ಒಮ್ಮೆಯೂ ಬೈದಿಲ್ಲ. ಈ ಪೇಪರು ಖಾನಾಪುರಕ್ಕೂ ಹೋಗುತ್ತದೆ, ಗಿರಣಿಗೆ ಬಂದವರೂ ಓದುತ್ತಾರೆ. ಓದಲಿ. ಬಾಯಲ್ಲಿ ಆಗದ್ದನ್ನು ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ, ತಪ್ಪಾಯಿತು.

ಈಗಾದರೂ ನನಗೆ ಬೈಯುತ್ತೀಯಾ, ನೀಲವ್ವ?