ಅಜ್ಜಿ ಎಣ್ಣೆ ಹಚ್ಚುತ್ತಿದ್ದ ಫಿರಂಗಿ

ನಾನೀಗಿರುವ ಉಳ್ಳೂರಿನ ಜಂಕ್ಷನ್ನಿನಲ್ಲಿ, ಮೆಡಿಕಲ್ ಕಾಲೇಜಿನ ಕಡೆ ತಿರುಗುವಲ್ಲಿ, ಒಂದು ಆಯುರ್ವೇದದ ಅಂಗಡಿಯಿದೆ. ಆಫೀಸಿನಿಂದ ಬರುವಾಗ ಒಂದೊಂದು ದಿನ ಅಲ್ಲಿಂದ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಬೇರೆಯವರಿಗೆ ಹರಳೆಣ್ಣೆಯೆಂದರೆ ಕೂಸಿನ ನೆತ್ತಿ, ಬಾಣಂತಿಯ ಸೊಂಟ ನೆನಪಾಗಬಹುದು. ನನಗೆ ಫಿರಂಗಿ ನೆನಪಾಗುತ್ತದೆ. ನಗಬೇಡಿ. ಎಳೆ ಬಿಸಿಲಿಗೆ ಬೆಚ್ಚಗಾದ ಕಬ್ಬಿಣ, ಅದರ ಮೇಲೆ ಅಜ್ಜಿಯ ಅಂಗೈ, ಹಳೇ ಸೀರೆಯ ಚೂರು, ಎಣ್ಣೆ ಕುಡಿದು ಎಮ್ಮೆಯ ಬೆನ್ನಿನ ಹಾಗೆ ಮಿನುಗುವ ಅದರ ಉದ್ದ ಮೈ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಈಗ ಇಲ್ಲದ ಮನೆಯೊಳಕ್ಕೆ ಕೈಹಿಡಿದು ಕರೆದುಕೊಂಡು ಹೋಗುವಂಥದ್ದು.

ಅಪ್ಪನಿಗೆ ಹಳೆಯ ಕೋಟೆ ಕೊತ್ತಲಗಳನ್ನು ನೋಡಿಕೊಳ್ಳುವ ಸರ್ಕಾರಿ ನೌಕರಿ. ಮೈಸೂರಿನಿಂದ ಕೊಚ್ಚಿಗೆ ವರ್ಗವಾದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅಲ್ಲಿನ ಕಲೂರಿನ ಬಸ್ ಸ್ಟ್ಯಾಂಡಿನಿಂದ ಉತ್ತರಕ್ಕೆ ತಾಸುಗಟ್ಟಲೆ ಹೋದರೆ ಹೊಳೆಯಂಚಿನಲ್ಲಿ ಒಂದು ಮಣ್ಣಿನ ದಿಬ್ಬ, ಅದರ ಮುಂದೆ ಅರ್ಧ ತುಂಬಿಹೋದ ಕಂದಕ, ದಿಬ್ಬದ ಮೇಲೆ ಉತ್ತರಕ್ಕೆ ಬಾಯಿ ತೆರೆದು ಕೂತ ಒಂದೇ ಒಂದು ಫಿರಂಗಿ. ಹಿಂದೊಂದು ಕಾಲಕ್ಕೆ ಮೈಸೂರಿನ ದಂಡು ಅಲ್ಲಿಯವರೆಗೂ ಬಂದಿತ್ತು. ಅದನ್ನು ತಡೆಯಲು ತಿರುವಾಂಕೂರಿನವರು ಕಟ್ಟಿಕೊಂಡಿದ್ದ ನೆಲೆ ಅದು. ದಿಬ್ಬದ ಬುಡದಲ್ಲೇ ನಮ್ಮ ಹೆಂಚಿನ ಕ್ವಾರ್ಟರ್ಸು, ಬೇಲಿಯಾಚೆ ತಂಗಮ್ಮ ಚೇಚಿಯ, ಅಂದರೆ ತಂಗಮ್ಮಕ್ಕನ, ಮನೆ. ಆ ಹೆಂಗಸು ದಿನಕ್ಕೆ ಹತ್ತು ಸಲ ಬೇಲಿಯ ಹತ್ತಿರ ಬಂದು ನಮ್ಮ ಅಡುಗೆಮನೆಗೆ ಇಣುಕುತ್ತಿದ್ದಳು.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಶ್ರೀರಂಗಪಟ್ಟಣದಿಂದ ಅಜ್ಜಿಯನ್ನು ಕರೆತಂದರು. ಬಂದವಳು ಟ್ರಂಕಿನ ಬೀಗವನ್ನೇ ತೆಗೆಯಲಿಲ್ಲ. ಕೊಬ್ಬರಿ ಎಣ್ಣೆಯ ಒಗ್ಗರಣೆ ಗಂಟಲಲ್ಲಿ ಇಳಿಯದು, ಕೆಂಪು ದಪ್ಪಕ್ಕಿಯ ಅನ್ನ ನೋಡಿದರೇ ಮುಖ ಸಿಂಡರಿಸುವಳು. "ಇದೇನು ಅನ್ನವೋ, ಕೋಳಿ ಕಾಳೋ?" ಎನ್ನುತ್ತಿದ್ದಳು. ಊರಿಗೆ ಕಳಿಸಿ ಎಂದು ಒಂದೇ ರಾಗ. ಹೀಗಿರುವಾಗ ಒಂದು ಸಂಜೆ ನನ್ನ ಕೈ ಹಿಡಿದುಕೊಂಡು ದಿಬ್ಬ ಹತ್ತಿದವಳು ಫಿರಂಗಿಯ ಮುಂದೆ ನಿಂತುಬಿಟ್ಟಳು. ಅವಳಪ್ಪ ಮೈಸೂರಿನ ಅರಮನೆಯ ಫಿರಂಗಿ ದಳದಲ್ಲಿದ್ದವನು. ಆಯುಧಪೂಜೆಯ ದಿನ ಫಿರಂಗಿಗಳಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುವುದನ್ನು ನೋಡುತ್ತಲೇ ಬೆಳೆದವಳು. "ಇದು ನಮ್ದೇ ಕಣೋ," ಎಂದು, ಅಮ್ಮನ ಜೊತೆ ಹಿಂದೆಯೇ ಹತ್ತಿ ಬಂದ ಅಪ್ಪನಿಗೆ ಸಾರಿಬಿಟ್ಟಳು. "ಮೈಸೂರಿನ ದಂಡು ಬಂದಿತ್ತು ಅಂತ ನೀನೇ ಹೇಳ್ದಲ್ಲ. ಪಾಪ, ಯಾರೂ ದಿಕ್ಕಿಲ್ದೆ ಇಲ್ಲೇ ಕುಂತದೆ." ಅಪ್ಪ ಬಾಯಿ ತೆರೆಯುವುದರೊಳಗೆ ಅಮ್ಮ ಅವರ ಕಾಲು ತುಳಿದಳು. ಅವತ್ತು ರಾತ್ರಿ ಅಜ್ಜಿ ಟ್ರಂಕಿನ ಬೀಗ ತೆಗೆದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹರಳೆಣ್ಣೆಯ ಸೇವೆ. ರಕ್ಷಿತ ಸ್ಮಾರಕಕ್ಕೆ ಹಾಗೆಲ್ಲ ಏನೂ ಬಳಿಯುವಂತಿಲ್ಲ. ಅದನ್ನು ಕಾಯಬೇಕಾದ ಅಪ್ಪನೇ ಆ ಹೊತ್ತಿಗೆ ಸರಿಯಾಗಿ ಪೇಪರ್ ಹಿಡಿದು ಹಿತ್ತಿಲ ಕಡೆ ಹೋಗುತ್ತಿದ್ದರು. ಆಯುಧಪೂಜೆಗೆ ಕುಂಕುಮ, ಹಾರ, ಬೂದುಗುಂಬಳ. ಮರುದಿನ ಅಪ್ಪ ಕದ್ದು ಒರೆಸುವುದು. ಫಿರಂಗಿ ಯಾರದೆಂದು ಬರೆದ ಬೋರ್ಡು ಇದ್ದದ್ದು ಇಂಗ್ಲಿಷು, ಮಲಯಾಳಂನಲ್ಲಿ. ಅಜ್ಜಿಗೆ ಎರಡೂ ಓದಲು ಬಾರದು. ತಂಗಮ್ಮ ಚೇಚಿಗೆ ಎಲ್ಲ ಗೊತ್ತಿತ್ತು. ಅವಳೂ ತುಟಿ ಎರಡು ಮಾಡಲಿಲ್ಲ, ಬದಲಿಗೆ ತನ್ನ ಹಿತ್ತಿಲ ಚೆಂಡುಹೂವನ್ನೇ ಕಿತ್ತು ಕೊಡುತ್ತಿದ್ದಳು. ನಮಗೆಲ್ಲ ಇದ್ದ ಭಯ ಒಂದೇ: ತಿಳಿದರೆ ಅಜ್ಜಿ ಹೊರಟುಹೋಗುತ್ತಾಳೆ. ಅಷ್ಟರಲ್ಲಿ ನನಗೆ ಅವಳ ಮಗ್ಗುಲಲ್ಲಿ ಮಲಗದೆ ನಿದ್ದೆಯೇ ಹತ್ತದಂತಾಗಿತ್ತು.

ಒಂದು ವರ್ಷ ಪಿತೃಪಕ್ಷದಲ್ಲಿ ಕರ್ನಾಟಕದ ಯಾವುದೋ ಕಾಲೇಜಿನ ಪ್ರವಾಸದ ಬಸ್ಸು ಬಂತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಮಜ್ಜಿಗೆ ತುಂಬಿದ ಚೊಂಬು ಹಿಡಿದು ದಿಬ್ಬಕ್ಕೆ ಓಡಿದಳು. ಲೋಟಗಳನ್ನು ಹೊತ್ತುಕೊಂಡು ಹಿಂದೆ ನಾನು. ಮೇಷ್ಟ್ರು ಫಿರಂಗಿಯ ಮೇಲೆ ಕೈಯಿಟ್ಟು ಹುಡುಗರಿಗೆ ಹೇಳುತ್ತಿದ್ದರು: "ನೋಡ್ರಪ್ಪ, ನಮ್ಮ ಮೈಸೂರಿನವರ ಮೇಲೆ ಗುಂಡು ಹಾರಿಸಿದ್ದು ಇಲ್ಲಿಂದಲೇ. ಈ ಕಂದಕದಲ್ಲಿ ನಮ್ಮವರು ಎಷ್ಟು ಜನ ಬಿದ್ದರೋ, ಲೆಕ್ಕ ಇಟ್ಟವರಿಲ್ಲ." ಪರಭಾಷೆಯಲ್ಲಿ ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳದೇ ಭಾಷೆ ಒಂದು ಗಳಿಗೆಯಲ್ಲಿ ಹೇಳಿಬಿಟ್ಟಿತು. ಅಜ್ಜಿ ಎಲ್ಲರಿಗೂ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಮನೆಗೆ ಬಂದು, ಹುಣಸೆಹಣ್ಣು ಹಾಕಿ ಅಂಗೈ ತಿಕ್ಕಿದಳು, ಮತ್ತೆ ತಿಕ್ಕಿದಳು. "ನನ್ ಕೈಲೇ ಅದಕ್ಕೆ ಎಣ್ಣೆ ತಿಕ್ಸಿಬುಟ್ರಲ್ಲಪ್ಪ," ಎಂದಳು ಅಪ್ಪನಿಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೀನು ಇಲ್ಲೇ ಇರ್ಬೇಕು ಅಂತ, ಅಮ್ಮ," ಎಂದರು ಅಪ್ಪ. "ಟಿಕೀಟ್ ಮಾಡ್ಸು," ಎಂದಳು. ಟ್ರಂಕು ಮತ್ತೆ ಬಾಗಿಲ ಬಳಿ ಬಂದು ಕೂತಿತು. ನಾನು ಮೂಲೆಯಲ್ಲಿ ಕೂತು ಅತ್ತೆ. ಅವಳು ತಿರುಗಿಯೂ ನೋಡಲಿಲ್ಲ.

ಅವಳು ಹೊರಡುವ ಮೊದಲೇ ಮಹಾಲಯ ಅಮಾವಾಸ್ಯೆ ಬಂತು. ಊರಿನಿಂದ ತರಿಸಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಕೋಳಿ ಸಾರು ಮಾಡಿ, ಒಳಗೆ ಅಜ್ಜನಿಗೆ ಎಡೆ ಇಟ್ಟಳು. ಆಮೇಲೆ ಇನ್ನೊಂದು ಬಾಳೆಯೆಲೆ ಹಿಡಿದು ಹೊರಗೆ ಹೊರಟಳು. ಅಮ್ಮ ಎಲ್ಲಿಗೆಂದು ಕೇಳಿದ್ದಕ್ಕೆ, "ಮನೇವ್ರಿಗೇನೋ ಇಟ್ಟಾಯ್ತು. ಅಲ್ಲಿ ಬಿದ್ದವ್ರಿಗೆ ಇಷ್ಟು ವರ್ಷ ಯಾರು ಇಟ್ಟವ್ರೆ?" ಎಂದಳು. ಫಿರಂಗಿಯ ಕಡೆ ನೋಡದೆ ಕಂದಕಕ್ಕಿಳಿದು ಎಲೆ ಹಾಸಿ, ಮುದ್ದೆ ಇಟ್ಟು, ಸಾರು ಬಿಟ್ಟು ಕೈಮುಗಿದಳು. ಬೇಲಿಯ ಬಳಿ ನಿಂತು ನೋಡುತ್ತಿದ್ದ ತಂಗಮ್ಮ ಚೇಚಿ ತಡೆದು ತಡೆದು ಹೇಳಿದಳು, "ಞಙ್ಙಳುಡೆ ಆಳ್ಕಾರುಂ ಮರಿಚ್ಚು, ಅಮ್ಮೇ." ನಮ್ಮವರೂ ಸತ್ತರು ಎಂದು. ಅಷ್ಟು ಮಲಯಾಳಂ ಅಜ್ಜಿಗೆ ಆಗಲೇ ಬರುತ್ತಿತ್ತು. ಅವಳು ಮುಗಿದ ಕೈ ಇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ ಎಲೆ ಕುಯ್ಕಂಬಾ. ಅವ್ರಿಗೇನು ಇಷ್ಟ ಅಂತ ಅವ್ಳನ್ನೇ ಕೇಳು," ಎಂದಳು.

ಚೇಚಿ ಅದೇ ಕೆಂಪು ದಪ್ಪಕ್ಕಿಯ ಅನ್ನ, ಮೀನಿನ ಸಾರು ತಂದಳು. ಅಜ್ಜಿ ಅದನ್ನು ತನ್ನ ಕೈಯಾರೆ ಬಡಿಸಿದಳು. ಕಾಗೆಗಳು ಬಂದು ಮೊದಲು ಬಿದ್ದದ್ದು ಮೀನಿನ ಮೇಲೇ. "ನೋಡವ್ವ, ನಮ್ಮೋರೂ ಅತ್ಲಾಗೇ ಹೋದ್ರು," ಎಂದು ಅಜ್ಜಿ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ಸಂಜೆ ಅಪ್ಪನಿಗೆ ಟಿಕೀಟು ವಾಪಸ್ ಮಾಡಿಸಲು ಹೇಳಿದಳು. ತಾನು ಹೋದರೆ ಮುಂದಿನ ವರ್ಷ ಎಡೆ ಇಡುವವರು ಯಾರು ಎಂಬುದು ಅವಳ ಪ್ರಶ್ನೆ. ಆದರೆ ಫಿರಂಗಿಯನ್ನು ಮಾತ್ರ ಮತ್ತೆಂದೂ ಮುಟ್ಟಲಿಲ್ಲ.

ಮುಂದೆ ಆ ಜಾಗವನ್ನು ಸರಿಯಾಗಿ ಉಳಿಸಿಕೊಳ್ಳಬೇಕೆಂಬ ಆದೇಶ ಬಂತು. ದಿಬ್ಬದ ಸುತ್ತ ಯಾವ ಕಟ್ಟಡವೂ ಇರಕೂಡದು ಎಂದಾಯಿತು. ನಾವು ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದೆವು, ಚೇಚಿ ಮಗಳ ಊರಿಗೆ ಹೋದಳು. ಫಿರಂಗಿ ಉಳಿಯಿತು, ಮನೆ ಹೋಯಿತು. ಅಡುಗೆಮನೆಯಿದ್ದಲ್ಲಿ ಈಗ ಹುಲ್ಲುಹಾಸು. ಅದರ ಮೇಲೆ ಕಾಲಿಟ್ಟರೆ ಕಾವಲುಗಾರ ಸೀಟಿ ಊದುತ್ತಾನೆ. ನನ್ನ ಮಗಳಿಗೆ ಒಲೆ ಇದ್ದ ಜಾಗ ತೋರಿಸಿದೆ. "ಎವಿಡೆ?" ಎಂದಳು. ಎಲ್ಲಿ ಎಂದು ಹೇಳುವುದು, ಗುರುತಿಗೆ ಒಂದು ಕಲ್ಲೂ ಇರಲಿಲ್ಲ.

ಅಜ್ಜಿ ಹೋದದ್ದು ಆ ಫ್ಲ್ಯಾಟಿನಲ್ಲೇ. ಕೊನೆಯ ದಿನಗಳಲ್ಲಿ ಅಪ್ಪ ಅವಳ ಕೈ ಹಿಡಿದುಕೊಂಡು, "ಕಾವೇರಿಗೆ ಕರ್ಕೊಂಡು ಹೋಗ್ತೀನಮ್ಮ," ಎಂದರು. ಯಾವುದಕ್ಕೆಂದು ಅವಳಿಗೆ ತಿಳಿಯದೇ? "ಬ್ಯಾಡ ಕಣೋ," ಎಂದಳು. "ಆ ದಿಬ್ಬದ ಹೊಳೇಲೇ ಬುಡು. ಅವ್ರ್ಯಾರೂ ಊರಿಗೆ ವಾಪಸ್ ಹೋಗ್ನಿಲ್ವಲ್ಲ. ಅವ್ರ ಜೊತೆ ಒಬ್ಳು ತಾಯಿ ಇರ್ಲಿ."

ಅಪ್ಪ ಹಾಗೇ ಮಾಡಿದರು, ಅವಳ ಬೂದಿಯನ್ನು ದಿಬ್ಬದ ಹೊಳೆಯಲ್ಲೇ ಬಿಟ್ಟರು. ಶ್ರೀರಂಗಪಟ್ಟಣಕ್ಕೆ ಹೋದಾಗ ನೆಂಟರೆಲ್ಲ ಕಾವೇರಿಗಿಳಿದು ಹಿರಿಯರನ್ನು ನೆನೆದು ನೀರು ಬಿಡುತ್ತಾರೆ. ನನ್ನನ್ನೂ ಕರೆಯುತ್ತಾರೆ. ನಾನು ದಡದಲ್ಲೇ ನಿಂತಿರುತ್ತೇನೆ. ನಮ್ಮಜ್ಜಿ ಕಾವೇರಿಯಲ್ಲಿಲ್ಲ.